ಅರ್ಧ ಟ್ಯಾಂಕಿನ ತನಕ

ಇನ್ನೇನು ಕಡ್ಡಿ ಗೀರಬೇಕು, ಮಂದಾಕಿನಿ
ನನ್ನ ಕೈಗೆ ಫಟ್ಟನೆ ಹೊಡೆದಳು.
ಚಹಾದ ಪಾತ್ರೆ ಒಂದು ಕಡೆ, ಕಡ್ಡಿಪೆಟ್ಟಿಗೆ ಒಂದು ಕಡೆ.
"ಪೆಟ್ರೋಲು! ನಿಮಗೆ ಗೊತ್ತಾಗೋದಿಲ್ವಾ?"

ಗೊತ್ತಾಗುವುದಿಲ್ಲ.
ಮೂರು ವರ್ಷದ ಹಿಂದೆ ಬಂದ ಜ್ವರ
ಹೋಗುವಾಗ ಮೂಗಿನ ಕೀಲಿಕೈಯನ್ನೂ
ಜೇಬಿಗಿಳಿಸಿಕೊಂಡು ಹೋಯಿತು.
ಬೆರಿಕ್ಕಿನ ಬೇಕರಿಯಲ್ಲಿ ಬೆಳಗಿನ ಪಾಳಿಯವನು ನಾನು,
ಬ್ರೆಡ್ಡು ಬೆಂದದ್ದನ್ನು ಗಡಿಯಾರ ನೋಡಿ ಹೇಳುವವನು.

ವ್ಯಾನು ನನಗಿಂತ ಆರು ವರ್ಷಕ್ಕೆ ಚಿಕ್ಕದು.
ಸಾಸಿವೆ ಬಣ್ಣ, ಒಳಗೆ ಮಡಚುವ ಮಂಚ, ಪುಟ್ಟ ಒಲೆ.
ಎಂಜಿನ್ನು ಹಿಂದೆ, ಟ್ಯಾಂಕು ಮುಂದೆ,
ನಾವು ಕೂರುವ ಸೀಟಿನ ಬುಡದಲ್ಲೇ.

ಶನಿವಾರ ಹಳೇ ಪೇಪರು ಹಾಸಿ ಕೆಳಗೆ ತೆವಳಿದೆ.
ಪಂಪು ಒಣ. ಫಿಲ್ಟರು ಒಣ. ಪೇಪರಿನ ಮೇಲೆ
ಯಾವನೋ ಮಂತ್ರಿಯ ಮುಖ, ಅದೂ ಒಣ.
ಪೈಪುಗಳನ್ನೆಲ್ಲ ಸವರಿ ಬಂದ ಬೆರಳು ಮೂಸಿದೆ, ಅಭ್ಯಾಸಬಲ.
ಆಮೇಲೆ ಅವಳ ಮೂಗಿಗೆ ಹಿಡಿದೆ.
"ಮಣ್ಣು. ಗ್ರೀಸು. ನಿನ್ನೆಯ ಈರುಳ್ಳಿ."
ಹಾಗಾದರೆ ಎಲ್ಲ ನಿನ್ನ ಭ್ರಮೆ ಅಂದೆ.
ಅನ್ನಬಾರದಿತ್ತು.
ಎರಡು ದಿನ ಮನೆಯಲ್ಲಿ ಕುಕ್ಕರೊಂದೇ ಮಾತಾಡಿತು.

ಮಾತಿನ ಬದಲು ಅವಳು ಲೆಕ್ಕ ಬರೆದಳು,
ಹಾಲಿನ ಲೆಕ್ಕದ ಹಾಗೆ, ಕ್ಯಾಲೆಂಡರಿನ ಬೆನ್ನಿಗೆ:
ಸೋಮವಾರ, ಟ್ಯಾಂಕು ತುಂಬಿತ್ತು, ವಾಸನೆ.
ಬುಧವಾರ, ಮುಕ್ಕಾಲು, ತಿರುವಿನಲ್ಲಿ ವಾಸನೆ ಜಾಸ್ತಿ.
ಶುಕ್ರವಾರ, ಅರ್ಧ, ಇಲ್ಲ.
ಭಾನುವಾರ, ಕಾಲು, ಇಲ್ಲ. ತಲೆನೋವೂ ಇಲ್ಲ.
ಮತ್ತೆ ತುಂಬಿಸಿದ್ದು, ಎಪ್ಪತ್ತೊಂಬತ್ತು ಪೌಂಡು,
ವಾಸನೆ ವಾಸನೆ ವಾಸನೆ.

ತುಂಬಿದ ಕೊಡ ತುಳುಕುವುದಿಲ್ಲವೆಂದು
ಬೆತ್ತ ಹಿಡಿದು ಕಾಪಿ ಬರೆಸಿದ ಮೇಷ್ಟ್ರೇ,
ನಿಮ್ಮ ಕೊಡಕ್ಕೆ ರಬ್ಬರಿನ ಕತ್ತು ಇರಲಿಲ್ಲ.

ಪಕ್ಕದ ಮನೆಯ ಐವರ್ ಪರ್ವಿಸ್,
ಟ್ವೀಡ್ ನದಿಯಲ್ಲಿ ನಲವತ್ತು ವರ್ಷ ಸಾಲ್ಮನ್ ಬಲೆ ಎಳೆದವನು,
ಅವಳು ಓದಿ ಹೇಳಿದ ಲೆಕ್ಕ ಕೇಳಿ
ನನ್ನತ್ತ ನೋಡದೆ ಅವಳಿಗೇ ಹೇಳಿದ:
"ತೂತು ತಳದಲ್ಲಿಲ್ಲ. ನೆತ್ತಿಯಲ್ಲಿದೆ."

ಬ್ಯಾಟರಿಯ ತಂತಿ ಬಿಚ್ಚಿದೆವು. ಅಂಗಳದ ಬಯಲಲ್ಲಿ
ಮೂರು ಕ್ಯಾನಿಗೆ ಪೆಟ್ರೋಲು ಬಸಿದೆವು.
ಐವರ್ ತನ್ನ ಪೈಪನ್ನೂ ಲೈಟರನ್ನೂ
ಹೆಂಡತಿಯ ವಶಕ್ಕೆ ಕೊಟ್ಟು ಬಂದಿದ್ದ.
ತುಕ್ಕಿನ ಬೋಲ್ಟುಗಳು ಒಂದೊಂದೇ ಗೊಣಗಿ ಸಡಿಲಾದವು.
ಹದಿಮೂರರ ಸ್ಪ್ಯಾನರು ಕೇಳಿದರೆ ಹತ್ತರದು ಕೊಡುತ್ತಾ
ಮಂದಾಕಿನಿ ಟಾರ್ಚು ಹಿಡಿದಳು.
ಜ್ಯಾಕಿನ ಮೇಲೆ ಟ್ಯಾಂಕು ಇಂಚಿಂಚೇ ಇಳಿಯಿತು,
ನೆತ್ತಿಯ ಮೇಲೆ ಮೂವತ್ತೊಂಬತ್ತು ವರ್ಷದ ಧೂಳು ಹೊತ್ತು.

ಅಲ್ಲಿತ್ತು.
ಬೆರಳುಗಾತ್ರದ ಪೈಪು, ಟ್ಯಾಂಕು ಉಸಿರಾಡುವ ದಾರಿ.
ಬಗ್ಗಿಸಿದ್ದೇ ತಡ, ಕರಿದ ಸಂಡಿಗೆಯ ಹಾಗೆ
ಪಟಪಟ ಮುರಿದು ನನ್ನ ಅಂಗೈಗೆ ಉದುರಿತು.
"ಈಗಿನ ಪೆಟ್ರೋಲಿಗೆ ಸಾರಾಯಿ ಬೆರೆಸ್ತಾರೆ," ಅಂದ ಐವರ್,
"ಹಳೇ ರಬ್ಬರಿಗೆ ಅದು ಒಗ್ಗೋದಿಲ್ಲ. ನನ್ನ ತಮ್ಮನ ಥರ."
ಇಷ್ಟು ದಿನ ಅವಳ ಉಸಿರಿಗೆ ಬಂದದ್ದು ಇದೇ.
ನಾನು ಏನೋ ಹೇಳಲು ಹೋದೆ. ಅವಳು
ಟಾರ್ಚನ್ನು ನನ್ನ ಕಣ್ಣಿಗೇ ಬಿಟ್ಟಳು.

ಹೊಸ ಪೈಪು ಎರಡು ಮೀಟರು, ಕ್ಲಿಪ್ಪು ಎಂಟು,
ಕತ್ತಿಗೊಂದು ಹೊಸ ರಬ್ಬರಿನ ಉಂಗುರ.
ಮೊಣಕೈ ಎರಡು ಕಡೆ ಕಿತ್ತುಹೋಯಿತು.
ಕ್ಲಿಪ್ಪೊಂದು ಉಳಿಯಿತು. ಯಾಕೆ ಉಳಿಯಿತೆಂದು
ಮತ್ತೆ ಎಲ್ಲ ಎಣಿಸಿದೆವು; ಅಂಗಡಿಯವನೇ
ಒಂಬತ್ತು ಕೊಟ್ಟಿದ್ದ.

ಬಂಕಿನಲ್ಲಿ ಕಂಠಮಟ್ಟ ತುಂಬಿಸಿ
ಹಳೇ ಸೇತುವೆ ದಾಟಿ, ಬೇಕೆಂದೇ ತಿರುವು ತಿರುವಿನಲ್ಲಿ ಓಲಾಡಿಸಿ
ಸ್ಪಿಟಲ್‌ನ ಮರಳದಂಡೆಗೆ ತಂದು ನಿಲ್ಲಿಸಿದೆ.
ಅವಳು ಮಂಡಿಯೂರಿ ಚಕ್ರದ ಸಂದಿಗೆ ಮೂಗಿಟ್ಟಳು.
"ಏನಿದೆ?"
"ಪಾಚಿ. ಉಪ್ಪು. ಯಾರದೋ ಒದ್ದೆ ನಾಯಿ."
"ಪೆಟ್ರೋಲು?"
ಅವಳು ಕಣ್ಣು ಮುಚ್ಚಿ ಇನ್ನೊಮ್ಮೆ ಎಳೆದುಕೊಂಡಳು.
"ಏನೂ ಇಲ್ಲ."
ಆ ವಾಸನೆ ನನಗೂ ಚೆನ್ನಾಗಿ ಗೊತ್ತು.

ಕಡ್ಡಿಪೆಟ್ಟಿಗೆ ಈಗ ಅವಳ ಸುಪರ್ದಿ.
ಬಾಗಿಲು ತೆರೆದೇ ಇತ್ತು, ಕಡಲ ಗಾಳಿಗೆ ಮೊದಲ ಕಡ್ಡಿ ಆರಿತು.
ಎರಡನೆಯದೂ.
ಮೂರನೆಯದಕ್ಕೆ ನಾನು
ಅಂಗೈ ಅಡ್ಡ ಹಿಡಿದೆ.