ಐದು ಪೆಸೊ ಐಸು

ಕಬನತುವಾನ್ ಪೇಟೆಯ ಹಿಂದಿನ ಓಣಿಯಲ್ಲಿ
ನನ್ನದೊಂದು ಅಂಗಡಿ. ಮುಂದೆ ಕಬ್ಬಿಣದ ಜಾಲರಿ,
ಜಾಲರಿಯಲ್ಲಿ ಕೈ ತೂರುವಷ್ಟು ಕಿಂಡಿ.
ಮುಖ ಕಾಣುವುದಿಲ್ಲ, ಕೈ ಕಾಣುತ್ತದೆ.
ಕೈ ನೋಡಿಯೇ ಹೇಳಬಲ್ಲೆ
ಇದು ನಗದಿನದೋ, ಉದ್ರಿಯದೋ.

ಎಲ್ಲ ಬಿಡಿಬಿಡಿ ಇಲ್ಲಿ. ಒಂದೇ ಸಿಗರೇಟು,
ಒಂದು ಎಸಳು ಬೆಳ್ಳುಳ್ಳಿ, ಒಂದು ತಲೆಗಾಗುವಷ್ಟು ಶಾಂಪೂ,
ಪ್ಲಾಸ್ಟಿಕ್ಕಿನಲ್ಲಿ ಗಂಟು ಕಟ್ಟಿದ ಕಾಲು ಲೋಟ ಎಣ್ಣೆ.
ಇಡೀ ಬಾಟಲಿ ಕೊಳ್ಳುವವರು ಈ ಓಣಿಗೆ ಬರುವುದಿಲ್ಲ.

ಅದಕ್ಕೇ ಇರಬೇಕು, ಮಾಯಾಪುಲಾ ಬಂದಾಗ
ಯಾರಿಗೂ ಹೊಸದೆನಿಸಲಿಲ್ಲ.
ಬಿಟ್‌ಕಾಯಿನ್ ಶ್ರೀಮಂತರ ಇಡೀ ಬಾಟಲಿ,
ಇದು ನಮ್ಮ ಹಾಗೆ ಬಿಡಿ. ಪೆಸೊಗೆ ಮುನ್ನೂರು.
ಮಾಯಾ ಅಂದರೆ ನಮ್ಮ ಮಾತಿನಲ್ಲಿ ಗುಬ್ಬಿ, ಪುಲಾ ಅಂದರೆ ಕೆಂಪು.
ಅಷ್ಟೇ ಅರ್ಥ, ಬೇರೇನೂ ಇಲ್ಲ.
ಭತ್ತದ ತೆನೆಗೆ ಹಾಲು ತುಂಬುವಾಗ
ಎಲ್ಲಿಂದಲೋ ಬಂದು ಕೂರುವ ಹಕ್ಕಿ.

ಟ್ರೈಸಿಕಲ್ ಓಡಿಸುವ ರೋದೆಲ್ ಕಿಂಡಿಯಲ್ಲಿ ಫೋನು ತೂರಿಸಿದ.
"ಆಲಿಂಗ್ ಸೆಪಾ, ನೋಡಿ, ಮೂರು ತಿಂಗಳು ಬೀಗ ಹಾಕಿಟ್ಟರೆ
ನೂರಕ್ಕೆ ನಲವತ್ತು ಬಡ್ಡಿ!"
"ಕೊಡುವವರು ಯಾರಪ್ಪ?"
"ಸಿಸ್ಟಮ್ಮು ಕೊಡುತ್ತದೆ."

ಇಪ್ಪತ್ತು ವರ್ಷದಿಂದ ಚೀಟಿ ನಡೆಸುತ್ತಿದ್ದೇನೆ, ಹನ್ನೊಂದು ಜನ.
ಒಮ್ಮೆ ಲಿಗಾಯ ಎತ್ತಿದ ಚೀಟಿ ಸಮೇತ ಓಡಿಹೋದಳು.
ಎರಡು ಟ್ರೈಸಿಕಲ್ ಮಾಡಿಕೊಂಡು ತಾರ್ಲಾಕ್‌ಗೆ ಹೋದೆವು,
ಅವಳ ತಾಯಿಯ ಮನೆ ಜಗಲಿಯಲ್ಲಿ ಕೂತೆವು,
ಕೊಟ್ಟ ಗಂಜಿ ಕುಡಿದೆವು, ಏಳಲಿಲ್ಲ.
ಸಂಜೆಗೆ ಹಣ ಬಂತು.
ಸಿಸ್ಟಮ್ಮಿನ ತಾಯಿಯ ಮನೆ ಯಾವ ಊರಲ್ಲಿದೆ, ರೋದೆಲ್?

ಕೇಳಬೇಕಿತ್ತು. ಕೇಳಲಿಲ್ಲ.

ಬೆಲೆ ಏರಿತು. ಮತ್ತೂ ಏರಿತು.
ಮೀನಿನವಳು ತಕ್ಕಡಿ ಪಕ್ಕದಲ್ಲೇ ಫೋನಿಟ್ಟುಕೊಂಡಳು.
ರೋದೆಲ್ ಟ್ರೈಸಿಕಲ್ಲಿನ ಕಾಗದಪತ್ರ ಅಡವಿಟ್ಟ.
ಆಮೇಲೊಂದು ಮಂಗಳವಾರ
ಪರದೆಯ ಮೇಲೆ ಹೆಲ್ಮೆಟ್ ಹಾಕಿದ ಗುಬ್ಬಿ, ಕೈಯಲ್ಲಿ ಸುತ್ತಿಗೆ:
"ರಿಪೇರಿ ನಡೆಯುತ್ತಿದೆ, ದಯವಿಟ್ಟು ಕಾಯಿರಿ."

ಬೀಗ ಹಾಕಿದವರು ಕೀಲಿ ಕೇಳಿದರು.
ಕಂಪನಿಯ ಯಜಮಾನನ ನಗುಮುಖದ ಫೋಟೋ
ಯಾವುದೋ ದೇಶದ ಹಲ್ಲಿನ ಡಾಕ್ಟರದಂತೆ,
ಪಾಪ, ಅವನಿಗೂ ಗೊತ್ತಿರಲಿಲ್ಲ.

ಗುಬ್ಬಿ ಇನ್ನೂ ಸುತ್ತಿಗೆ ಹಿಡಿದೇ ನಿಂತಿದೆ.
ರೋದೆಲ್‌ನ ಫೋನಿನಲ್ಲಿ ನಲವತ್ತೊಂದು ಲಕ್ಷ ಮಾಯಾಪುಲಾ
ಒಂದೂ ಕಡಿಮೆಯಾಗಿಲ್ಲ. ಎಣಿಸಬಹುದು, ತೋರಿಸಬಹುದು.
ಕೊಳ್ಳುವ ಕೈ ಮಾತ್ರ ಕಿಂಡಿಗೆ ಬರುವುದಿಲ್ಲ.
ಅಂಗಡಿಯವಳಿಗೆ ಇದನ್ನು ಬಿಡಿಸಿ ಹೇಳಬೇಕೇ.

ಈಗ ನನ್ನ ಮಾತು. ಈ ಓಣಿಯಲ್ಲಿ ಯಾರಿಗೂ ಹೇಳಿಲ್ಲ.

ನಾನೂ ಕೊಂಡಿದ್ದೆ. ಚೀಟಿಯ ದುಡ್ಡಿನಿಂದಲೇ, ಮೂರು ಸಾವಿರ.
ಮೊಮ್ಮಗಳು ಒತ್ತಿಕೊಟ್ಟಳು, ಬೀಗ ಬೇಡ ಅಂದೆ.
ಮೂರು ಒಂಬತ್ತಾದ ರಾತ್ರಿ ಹೊಟ್ಟೆಯಲ್ಲಿ ಏನೋ ತಣ್ಣಗಾಯಿತು:
ಇಷ್ಟು ಸಲೀಸಾಗಿ ಬರುವ ದುಡ್ಡು
ಯಾರದೋ ಜೇಬಿನಿಂದ ಎದ್ದಿರಬೇಕಲ್ಲ.
ಮಾರು ಅಂದೆ. ಎಣಿಸಿ ಹತ್ತುವಷ್ಟರಲ್ಲಿ ಮಾರಿತ್ತು.
ಚೀಟಿಗೆ ಮೂರು ವಾಪಸಿಟ್ಟೆ. ಉಳಿದ ಆರರಲ್ಲಿ
ಸೆಕೆಂಡ್ ಹ್ಯಾಂಡ್ ಫ್ರಿಜ್ಜು ಬಂತು.

ಅಷ್ಟು ಬೇಗ ಕೊಂಡವರು ಯಾರು?
ಪರದೆಯಲ್ಲಿ ಹೆಸರಿಲ್ಲ, ಕೈಯೂ ಇಲ್ಲ.
ಆದರೆ ರೋದೆಲ್ ಕಾಗದ ಅಡವಿಟ್ಟದ್ದು
ಅದೇ ಶುಕ್ರವಾರ. ಅದು ನನಗೆ ಗೊತ್ತು,
ಅಡವಿನಂಗಡಿಗೆ ಹೋಗುವ ದಾರಿಯಲ್ಲಿ
ಒಂದು ಬಿಡಿ ಸಿಗರೇಟು ಕೊಂಡಿದ್ದ. ನಗದು.

ಸಾವಿರಾರು ಜನ ಕೊಂಡರಂತೆ ಆ ರಾತ್ರಿ.
ಅವನೇ ಆಗಿರಬೇಕೆಂದೇನಿಲ್ಲ.
ಅವನಲ್ಲವೆಂದೂ ಏನಿಲ್ಲ.

ಫ್ರಿಜ್ಜು ರಾತ್ರಿಯೆಲ್ಲ ಗುರುಗುಡುತ್ತದೆ.
ಬಾಗಿಲ ಮೇಲೆ ನಾನೇ ಬರೆದಂಟಿಸಿದ ಬೋರ್ಡು:
ಇಂದು ನಗದು, ನಾಳೆ ಉದ್ರಿ.

ಇವತ್ತು ಮಧ್ಯಾಹ್ನ ಕಿಂಡಿಯಲ್ಲಿ ಬಂದ ಕೈಗೆ
ಪೆಡಲಿನ ಗುಳ್ಳೆ. ಈಗ ಸೈಕಲ್ಲು ತುಳಿಯುತ್ತಾನೆ, ಬಾಡಿಗೆಯದು.
"ಐದು ಪೆಸೊ ಐಸು, ಆಲಿಂಗ್ ಸೆಪಾ. ಬರೆದುಕೊಳ್ಳಿ."

ಐಸು ಕೊಟ್ಟೆ.
ಪುಸ್ತಕ ತೆಗೆದೆ, ಅವನ ಪುಟ ಹುಡುಕಿದೆ,
ಪೆನ್ನಿನ ಮುಚ್ಚಳವನ್ನೂ ತೆಗೆದೆ.

ಬರೆಯಲಿಲ್ಲ.