ಕಲಕದೆ ತೆಗೆದ ಸ್ಯಾಂಪಲ್ಲು

ಬೆಳಿಗ್ಗೆ ಆರೂಕಾಲಿಗೆ ಡೈರಿಯ ಶಟರು ಎತ್ತುತ್ತೇನೆ.
ಬಸರಾಳಿನ ಅರ್ಧ ಊರು ಸಾಲುಗಟ್ಟಿರುತ್ತದೆ,
ಕ್ಯಾನು, ತಂಬಿಗೆ, ಮುಚ್ಚಳ ಕಳೆದ ಸ್ಟೀಲು ಬಕೆಟ್ಟು.
ಒಂದೊಂದು ಹಾಲಿಗೂ ನಾನೇ ಅಂಕ ಕೊಡಬೇಕು:
ಮೂರೂವರೆ. ನಾಲ್ಕು. ಮೂರು ಪಾಯಿಂಟ್ ಎಂಟು.
ಚೀಟಿ ಹರಿದು ಕೊಡುವಾಗ ಯಾರ ಮುಖವನ್ನೂ ನೋಡುವುದಿಲ್ಲ,
ಆರು ವರ್ಷದಲ್ಲಿ ಕಲಿತ ಶಿಸ್ತು ಅದು.

ಮೈಸೂರಿಗೆ ಹೋಗಿ, ಏಸಿ ಕೋಣೆಯಲ್ಲಿ ಬೆರಳು ಮರಗಟ್ಟಿ
ಎಂಬಿಎ ಪ್ರವೇಶ ಪರೀಕ್ಷೆ ಬರೆದು ಬಂದೆ.
ಜನವರಿಯಲ್ಲಿ ನನಗೂ ಒಂದು ಚೀಟಿ ಬಂತು:
ಐವತ್ತೆಂಟು ಪರ್ಸೆಂಟೈಲು.
ಅದೂ ನನ್ನ ಮುಖ ನೋಡಲಿಲ್ಲ.

ನೂರು ಜನ ಸಾಲಾಗಿ ನಿಂತರೆ
ಐವತ್ತೆಂಟು ಜನ ನಿನ್ನ ಹಿಂದೆ ಅಕ್ಕ, ಅಂದ ತಮ್ಮ ಚೆಲುವರಾಜು.
ನಾನು ಮುಂದಿನ ನಲವತ್ತೊಂದು ಬೆನ್ನುಗಳನ್ನೇ ಎಣಿಸುತ್ತಿದ್ದೆ.
ಒಂದು ಬೆನ್ನೂ ತಿರುಗಲಿಲ್ಲ.

ಸಾಕಮ್ಮನ ಹಾಲು ನಿನ್ನೆ ನಾಲ್ಕು ಪಾಯಿಂಟ್ ಎರಡು,
ಇವತ್ತು ಮೂರಕ್ಕೂ ಕೆಳಗೆ.
"ನಿನ್ ಮಿಷನ್ನು ಸುಳ್ ಯೋಳ್ತದೆ ಕನವ್ವ.
ಅದೇ ಅಸ, ಅದೇ ಉಲ್ಲು, ಅದೇ ಕೈ."
ಇಣುಕಿದೆ. ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತ ಹಾಲು,
ಕೆನೆ ಮೇಲೆ ಬಂದು ಕೂತಿದೆ;
ನಾನು ಅವಸರದಲ್ಲಿ ಸೌಟು ಇಳಿಸಿ
ತಳದ ತೆಳುವನ್ನಷ್ಟೇ ಎತ್ತಿದ್ದೆ.
ಕಲಕಿದೆ. ಕೆಳಗಿಂದ ಮೇಲಕ್ಕೆ, ಏಳು ಸಲ.
ನಾಲ್ಕು ಪಾಯಿಂಟ್ ಒಂದು.
"ನೋಡ್ದಾ," ಅಂದಳು, ನಶ್ಯದ ಕೈಯಲ್ಲೇ ಚೀಟಿ ಇಸಕೊಂಡು.

ಆ ಮಧ್ಯಾಹ್ನ ಹಳೆ ಲೆಡ್ಜರಿನ ಹಿಂಬದಿಗೆ ಗೆರೆ ಎಳೆದು
ನನ್ನ ತಪ್ಪುಗಳನ್ನೆಲ್ಲ ಸುರಿದೆ.
ತಿಳಿಯದೆ ತಪ್ಪಿದ್ದು, ಒಂಬತ್ತು.
ಪ್ರಶ್ನೆ ಪೂರ್ತಿ ಓದದೆ, ಹದಿನಾಲ್ಕು.
ಸರಿ ಉತ್ತರ ಒತ್ತಿ, ಜೀವ ತಡೆಯದೆ ಬದಲಿಸಿದ್ದು
ಹನ್ನೊಂದು.

ಆ ಹನ್ನೊಂದರ ಮುಂದೆ ಬಹಳ ಹೊತ್ತು ಕೂತಿದ್ದೆ.
ಗಣಿತ ಅಲ್ಲ ಇದು.
ಬಿ.ಕಾಂ.ನಲ್ಲಿ ಕಾಲೇಜಿಗೇ ಮೊದಲು ಬಂದಾಗಲೂ
ನೋಟಿಸ್ ಬೋರ್ಡಿಗೆ ಮೂರು ಸಲ ಹೋಗಿ ನೋಡಿದವಳು,
ಅದೇ ಹೆಸರಿನ ಇನ್ಯಾರೋ ಇರಬಹುದೆಂದು.

ಒಂದು ಬಗೆಯ ಪ್ರಶ್ನೆ ಬರುತ್ತದೆ, ಉತ್ತರವನ್ನೇ ಕೇಳುವುದಿಲ್ಲ.
ಎರಡು ಸುಳುಹು ಕೊಟ್ಟು,
ಇಷ್ಟು ಸಾಕೇ, ಸಾಲದೇ, ಅದನ್ನು ಹೇಳು ಅನ್ನುತ್ತದೆ.
ಸಾಕಾದ ಮೇಲೂ ನಾನು ಲೆಕ್ಕ ಬಿಡಿಸುತ್ತಲೇ ಇದ್ದೆ.
ಹೊತ್ತು, ಸರದಿ ತಪ್ಪಿದ ನಾಲೆ ನೀರಿನ ಹಾಗೆ
ಪಕ್ಕದವರ ಗದ್ದೆಗೆ ಹರಿದು ಹೋಗುತ್ತಿತ್ತು.
ಐದನೆಯ ಹೆಣ್ಣಿಗೆ ಸಾಕಮ್ಮ ಅಂತ ಹೆಸರಿಟ್ಟ ಅಪ್ಪನಿಗೆ
ಎಷ್ಟು ಖಚಿತವಾಗಿ ಗೊತ್ತಿತ್ತು!
ಆಮೇಲೂ ಎರಡು ಹೆಣ್ಣೇ ಹುಟ್ಟಿದವು,
ಆ ಮಾತು ಬೇರೆ.

ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ನಡುವೆ
ಹಿಂಡಿ ಮೂಟೆಗೆ ಒರಗಿ, ಫೋನಿನಲ್ಲಿ ಗಡಿಯಾರ ಇಟ್ಟು,
ಹೊರಗೆ ಕಬ್ಬಿನ ಟ್ರ್ಯಾಕ್ಟರು ಹಾಡು ಕಿರುಚುತ್ತ ಹೋದರೂ
ಒತ್ತಿದ ಉತ್ತರದ ಮೇಲಿಂದ ಬೆರಳೆತ್ತುವುದನ್ನು ಕಲಿತೆ.
ನವೆಂಬರಿಗೆ ಮತ್ತೆ ಮೈಸೂರು ಬಸ್ಸು, ಮತ್ತೆ ಏಸಿ.
ಈ ಸಲ ಸ್ವೆಟರು ಒಯ್ದಿದ್ದೆ.

"ಎಷ್ಟ್ ಬಿತ್ತವ್ವ?"
"ಎಂಬತ್ತೊಂದು."
"ಸಾಕಾ?"

ಬಾಯಿಗೆ ಬಂದದ್ದನ್ನು ಬದಲಿಸಲಿಲ್ಲ.
"ಸಾಲದು, ಸಾಕಮ್ಮ."

ಖಾಲಿ ಬಕೆಟ್ಟು ಸೊಂಟಕ್ಕೇರಿಸಿ ಅಂದಳು,
"ಒಸಿ ಹತ್ತಿಕಾಳಿನ್ ಹಿಂಡಿ ಜಾಸ್ತಿ ಆಕು.
ಒಂದೇ ದಿನಕ್ ಬರಾಕಿಲ್ಲ ಕನವ್ವ."

ಹಿಂದಿನವರು ಕ್ಯಾನು ಮುಂದಕ್ಕೆ ತಳ್ಳಿದರು.
ಕಲಕಿದೆ.