ನಾಲ್ಕು ನಿಮಿಷ ತಡ

ಜತ್ತ ಸ್ಟ್ಯಾಂಡಿನ ಕಂಟ್ರೋಲ್ ಕೋಣೆಯ ಕಿಂಡಿಯಿಂದ
ನನಗೆ ಕಾಣುವುದು ಇಷ್ಟೇ:
ಒಂದು ಗೇಟು, ಅರ್ಧ ಬೇವಿನ ಗಿಡ,
ಅಡ್ಡ ಹಾಯುವ ಬಸ್ಸಿನ ಕೆಂಪು.
ಹಾಯುವಾಗ ಕೋಣೆ ತುಸು ಮಬ್ಬಾಗುತ್ತದೆ.
ಬಸ್ಸು ನೋಡುವುದಿಲ್ಲ,
ಗಡಿಯಾರ ನೋಡಿ ಬರೆಯುತ್ತೇನೆ.

ಹನ್ನೊಂದು ವರ್ಷ ಇದೇ ಕೆಲಸ.
ಬೋರ್ಡು ಮರಾಠಿ, ರಜಿಸ್ಟರು ಮರಾಠಿ,
ಸೀಟಿನ ಜಗಳ ಮಾತ್ರ ಕನ್ನಡ.

ಉಮದಿಯ ಬಸ್ಸು ಎಂಟೂ ಹತ್ತಕ್ಕೆ ಬರಬೇಕು.
ಬರುತ್ತದೆ. ಬರುತ್ತದೆ. ಬರುತ್ತದೆ. ಬರುತ್ತದೆ.
ಐದನೆಯ ದಿನ ಎಂಟೂ ಹದಿನಾಲ್ಕು.
ಮತ್ತೆ ನಾಲ್ಕು ದಿನ ಸರಿ. ಮತ್ತೆ ಹದಿನಾಲ್ಕು.
"ಯಾಕ ತಡಾ, ಮಲಕಾರೀ?"
"ರಸ್ತಾ ಹಂಗ ಅದ ಬಾಯೀ,"
ಅನ್ನುತ್ತ ಚಹಾದ ಕಡೆ ನಡೆದುಬಿಡುತ್ತಾನೆ.

ಕನ್ನಡ ಶಾಲೆಯ ಸಾತಲಿಂಗ ಮಾಸ್ತರರು
ಸಂಖದ ಬಸ್ಸು ಕಾಯುತ್ತ ಕಿಂಡಿಗೆ ಮೊಣಕೈ ಊರಿ
ಒಂದು ಸಂಜೆ ಹೇಳಿದರು:
ದೂರದ ಚಿಕ್ಕೆಗಳ ಗ್ರಹಗಳನ್ನು
ಕಣ್ಣಾರೆ ಕಂಡದ್ದು ಬಹಳ ಕಡಿಮೆ.
ಬೆಳಕಿನ ಮುಂದೆ ಏನೋ ಹಾಯುತ್ತದೆ,
ಬೆಳಕು ನೂರಕ್ಕೊಂದು ಪಾಲು ಕುಂದುತ್ತದೆ,
ಹೊತ್ತು ಬರೆದುಕೊಳ್ಳುತ್ತಾರೆ, ನಿಮ್ಮ ಹಾಂಗ.
ಹಾಯುವ ಹೊತ್ತು ಹಿಂದುಮುಂದಾದರೆ
ಯಾರನ್ನೂ ಬೈಯುವುದಿಲ್ಲ ಅವರು.
ಕಾಣದ ಇನ್ನೊಂದು ಅಲ್ಲೆಲ್ಲೋ ಸುತ್ತುತ್ತಿರಬೇಕು,
ಇದರ ಸೆರಗು ಜಗ್ಗುತ್ತಿರಬೇಕು ಅನ್ನುತ್ತಾರೆ.
ತಡವೇ ಅದರ ವಿಳಾಸ.

ಆ ರಾತ್ರಿ ಹಳೆಯ ರಜಿಸ್ಟರು ತೆಗೆದು
ನಾಲ್ಕು ತಿಂಗಳ ಎಂಟೂ ಹತ್ತುಗಳನ್ನು
ಬೆರಳಿಟ್ಟು ಎಣಿಸಿದೆ. ಐದಕ್ಕೊಂದು. ತಪ್ಪಿಲ್ಲ.
ಹೋಳಿಗೆ ಮೊದಲು ಏಳಕ್ಕೊಂದು ಇತ್ತು.
ಬಿಸಿಲು ಬಲಿತ ಹಾಗೆ
ಯಾವುದೋ ಸುತ್ತು ಚಿಕ್ಕದಾಗಿದೆ.

ಉಮದಿಯ ಅಕ್ಕನ ಮನೆಯಲ್ಲಿ ಮಲಗಿ
ಐದನೆಯ ದಿನ ಅದೇ ಬಸ್ಸು ಹತ್ತಿದೆ.
ನಿಲುಗಡೆಯಿಲ್ಲದ ಜಾಗದಲ್ಲಿ ನಿಂತಿತು.
ಎದುರಿಗೆ ನೀರಿನ ಟ್ಯಾಂಕರು,
ರಸ್ತೆ ತುಂಬ ಕೊಡಗಳು:
ಹಸಿರು, ನೀಲಿ, ಕಂಠ ಸೀಳಿದ ಒಂದು ಕಿತ್ತಳೆ.
ಮಲಕಾರಿ ಹಾರ್ನು ಒತ್ತಲಿಲ್ಲ.
ಇಳಿದು ಹೋಗಿ ಪೈಪಿನ ಬಾಯಿ ಹಿಡಿದ.
ನಾಲ್ಕು ನಿಮಿಷ.
ಯಾರೋ ಗೆಳತಿ ಇದ್ದಾಳೆಂದುಕೊಂಡಿದ್ದೆ.
ಲೆಕ್ಕ ಸರಿಯಿತ್ತು, ಊಹೆ ತಪ್ಪು.

ಮಾಸ್ತರರು ಕೇಳಿ ನಕ್ಕರು. ಅವರದ್ದೂ ಹಾಗೇ ಆಯಿತಂತೆ.
ನಮ್ಮ ಮನೆಯೇ ಎಲ್ಲ ಮನೆಗೂ ನಕಾಶೆ ಅಂದುಕೊಂಡಿದ್ದರು,
ಒಲೆಯ ಹತ್ತಿರ ಕಲ್ಲಿನ ಚಿಕ್ಕವು,
ಹೊರಪಡಸಾಲೆಯಲ್ಲಿ ದೈತ್ಯರು.
ಪರರ ಮನೆ ಇಣುಕಿದರೆ
ಗುರುವಿನಷ್ಟು ದೊಡ್ಡದು ಉರಿಯ ಬಾಯಲ್ಲೇ ಇದೆ,
ನಾಲ್ಕು ದಿನಕ್ಕೆ ಅದರ ವರುಷ ಮುಗಿಯುತ್ತದೆ.
ಅಲ್ಲಿಯೇ ಹುಟ್ಟಿದ್ದಲ್ಲ ಬಹುಶಃ,
ಚಳಿಯಲ್ಲಿ ಹುಟ್ಟಿ ಒಳಗೆ ಸರಿದದ್ದು.
ನಮ್ಮವೂ ಸರಿದಿವೆಯಂತೆ,
ನೆಪ್ಚೂನು ಹೊರಗೆ ದಬ್ಬಿಸಿಕೊಂಡು ಹೋದದ್ದಂತೆ.
ಚಂದ್ರ ಈಗಲೂ, ಉಗುರು ಬೆಳೆಯುವಷ್ಟು ಮೆಲ್ಲಗೆ,
ಅಂಗಳ ಬಿಟ್ಟು ಹಿಂದಕ್ಕೆ ಹೆಜ್ಜೆ ಇಡುತ್ತಿದ್ದಾನೆ.

ನನಗೆ ನಮ್ಮಾಯಿಯ ನೆನಪಾಯಿತು.
ಜತ್ತ ಸಂಸ್ಥಾನದಲ್ಲಿ ಹುಟ್ಟಿ,
ಮುಂಬಯಿ ಪ್ರಾಂತದಲ್ಲಿ ಹಡೆದು,
ಮಹಾರಾಷ್ಟ್ರದಲ್ಲಿ ಕಣ್ಣು ಮುಚ್ಚಿದಳು,
ಒಂದೇ ಅಡುಗೆಮನೆಯೊಳಗೆ.
ಅವಳು ಒಂದು ಗೇಣೂ ಸರಿದವಳಲ್ಲ.
ಹಾಗಂತ ಇದ್ದಲ್ಲೇ ಇದ್ದಳು ಅನ್ನಲೂ
ನಾಲಿಗೆ ಬರುವುದಿಲ್ಲ.

ರಜಿಸ್ಟರಿನಲ್ಲಿ ತಡಕ್ಕೆ ಕಾರಣ ಬರೆಯುವ ಅಂಕಣವಿದೆ.
ಇಷ್ಟು ದಿನ 'ರಸ್ತಾ' ಅಂತ ಬರೆಯುತ್ತಿದ್ದೆ.
ಈಗ 'ಪಾಣಿ' ಅಂತ ಬರೆದೆ.
ಸಾಹೇಬರು ಬಸ್ಸಿನ ರೇಡಿಯೇಟರು ಸೋರಿತೆಂದು ತಿಳಿದು
ಮೆಕ್ಯಾನಿಕ್ಕನ್ನು ಕಳಿಸಿದರು.

ಮಳೆ ಬಿದ್ದ ಮೇಲೆ ಒಂದು ಐದನೆಯ ದಿನ
ಬಸ್ಸು ಎಂಟೂ ಹತ್ತಕ್ಕೇ ಬರುತ್ತದೆ.
ಉಮದಿಯ ದಾರಿಯಲ್ಲಿ ಕೊಡಗಳಿಲ್ಲವೆಂದು
ಕೂತಲ್ಲೇ ನನಗೆ ಗೊತ್ತಾಗುತ್ತದೆ.

ಮೂರು ವಾರದಿಂದ ಗುಗವಾಡದ ಬಸ್ಸು
ಮಂಗಳವಾರ ಎರಡು ನಿಮಿಷ
ಮೊದಲೇ ಬರುತ್ತಿದೆ.
ಇನ್ನೂ ಯಾರನ್ನೂ ಕೇಳಿಲ್ಲ.